ಕೆಂಚನಿಗೆ ಸೊಪ್ಪು ಸಾಲಲಿಲ್ಲ

ಅತ್ತೆಯವರಿಗೆ, ನ್ಯಾಮತಿ ಮನೆಯಿಂದ ನಿಮ್ಮ ಸೊಸೆ ಶಾಂತಮ್ಮ ಮಾಡುವ ಶರಣು.

"ಎಮ್ಮೆ ಮೂಗು ಒಣಗೈತೆ, ಯಾರೋ ಏನೋ ಮಾಡ್ಯಾರೆ" ಎಂದು ಕೊಟ್ಟಿಗೆಯಲ್ಲಿ ನಿಂತು ನೀವು ನನ್ನನ್ನೇ ದಿಟ್ಟಿಸಿದ ದಿನ ನೆನಪಾಗುತ್ತಿದೆ. ನಾನಾಗ ಹೊಸ ಸೊಸೆ. ಎಮ್ಮೆಗೆ ಕಲಗಚ್ಚು ಇಟ್ಟವಳು ನಾನೇ. ಆ ನೋಟ ಈಗ ನನ್ನ ಕಣ್ಣಿಗೇ ಬಂದಿದೆ ಎಂದರೆ ನಂಬುತ್ತೀರಾ?

ಮೊಮ್ಮಗಳು ಸಿಂಚನಾ ಮನೆಗೆ ಒಂದು ಪ್ರಾಣಿ ತಂದಳು. ನಮ್ಮ ಬೇಲಿಯ ಓತಿಕ್ಯಾತದ ಜಾತಿಯದೇ, ಆದರೆ ಹೊರದೇಶದ್ದು. ಗದ್ದದ ಕೆಳಗೆ ಮುಳ್ಳುಮುಳ್ಳು ಗಡ್ಡ. ಕೆಂಚ ಅಂತ ಹೆಸರು. ಇರುವುದು ಗಾಜಿನ ಪೆಟ್ಟಿಗೆಯಲ್ಲಿ.

"ಅಜ್ಜಿ, ಇದಿನ್ನೂ ಮರಿ. ಹುಳ ತಿನ್ನತೈತೆ" ಎಂದಳು.

"ಲಿಂಗಪೂಜೆ ಮಾಡೋ ಮನೇಲಿ ಜೀವಹಿಂಸೆನಾ? ಸೊಪ್ಪು ತಿನ್ನಾಕೆ ಕಲೀಲಿ" ಎಂದೆ. ನೀವಿದ್ದಿದ್ದರೆ ಬೇರೆ ಮಾತು ಹೇಳುತ್ತಿದ್ದಿರಾ? ದಿನಾ ಮೆಂತ್ಯ, ನುಗ್ಗೆಸೊಪ್ಪು ನಾನೇ ಹೆಚ್ಚಿ ಇಡುತ್ತಿದ್ದೆ. ಬೇರೆಯವರನ್ನು ನಂಬುವುದು ಹೆಂಗೆ?

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಅದು ತನ್ನ ಕಲ್ಲು ಹತ್ತಲಿಲ್ಲ. ಬೆರಳು ಅದುರುತ್ತಿದ್ದವು. ಗಡ್ಡ ಕಪ್ಪಿಟ್ಟಿತ್ತು. ನನ್ನ ಸೊಸೆ ಗೀತಾ ಮೊದಲಿಂದಲೂ ಅದನ್ನು ಕಂಡರೆ ಮುಖ ಸಿಂಡರಿಸುವವಳು. ಎರಡು ದಿನ ಅವಳ ಮೇಲೆ ಕಣ್ಣಿಟ್ಟೆ. ಬಚ್ಚಲ ಹಿಂದೆ ಡಬ್ಬಿ ಬಚ್ಚಿಡುವಾಗ ಸಿಕ್ಕಿಬಿದ್ದಳು.

"ಏನದು? ಇಲಿ ಪಾಷಾಣನಾ?"

"ನೀವೇ ತೆಗೆದು ನೋಡ್ರಿ ಅತ್ತೆ."

ಮುಚ್ಚಳ ತೆಗೆದೆ. ಮಿಡತೆಯಂಥ ಒಂದು ಹುಳ ನನ್ನ ಸೆರಗಿಗೇ ಜಿಗಿಯಿತು.

"ಸಿಂಚನಾ ಗೆಳತಿ ಹತ್ರ ನಿನ್ನೆ ತರಿಸಿದೆ. ತಿನ್ನಿಸಾಕೆ ಹೋದ್ರೆ ಅದಕ್ಕೆ ಅಗಿಯಾಕೇ ಆಗ್ತಿಲ್ಲ. ನಿಮ್ಮ ಮೆಂತ್ಯ ತಿಂದು ತಿಂದು..." ಎನ್ನುತ್ತ ಹುಳವನ್ನು ಹಿಡಿದು ಡಬ್ಬಿಗೆ ಹಾಕಿದಳು.

ಕೆಂಚನನ್ನು ಪ್ರಾಣಿ ಡಾಕ್ಟರಿಗೆ ತೋರಿಸಲು ಗೀತಾಳೂ ನಾನೂ ಶಿವಮೊಗ್ಗದ ಬಸ್ಸು ಹತ್ತಿದೆವು. ಬಟ್ಟೆ ಸುತ್ತಿದ ಬಿಸಿನೀರಿನ ಬಾಟ್ಲಿಗೆ ಒರಗಿ, ನನ್ನ ಮಡಿಲ ರಟ್ಟಿನ ಪೆಟ್ಟಿಗೆಯಲ್ಲಿ ಕೆಂಚ ಮಲಗಿತ್ತು. ಪ್ರಾಣಿ ಡಾಕ್ಟರ ಮೇಲೂ ನನಗೆ ಅನುಮಾನವೇ. ಇಷ್ಟು ಚಿಕ್ಕ ವಯಸ್ಸು, ಇವರಿಗೇನು ಗೊತ್ತಿದ್ದೀತು? ಅವರು ಮೆಲ್ಲಗೆ ಅದರ ದವಡೆ ಮುಟ್ಟಿದರು. ರಬ್ಬರಿನಂತೆ ಬಾಗಿತು.

"ಕ್ಯಾಲ್ಸಿಯಂ ಇಲ್ದೆ ಎಲುಬು ಮೆತ್ತಗಾಗೈತೆ ಅಮ್ಮಾ. ಅದುರಾಕೆ ಶುರುವಾದ ದಿನವೇ ಬರಬೇಕಿತ್ತು. ಮರಿಗೆ ಪುಡಿ ಸವರಿದ ಹುಳ ಬೇಕು, ಬಿಸಿಲಿನಂಥ ದೀಪ ಬೇಕು. ಬರೀ ಸೊಪ್ಪು ಹಾಕಿದ್ದು ಯಾರು?"

ಗೀತಾ ಗೋಡೆ ನೋಡುತ್ತ ನಿಂತಳು. ನನ್ನ ಕಡೆ ಬೆರಳು ತೋರಿಸಲಿಲ್ಲ. ಅದು ಹೆಚ್ಚು ಚುಚ್ಚಿತು.

"ನಾನೇ" ಎಂದೆ.

ಆ ದಿನ ಕಲಗಚ್ಚಿಗೆ ನಾನು ಏನೂ ಬೆರೆಸಿರಲಿಲ್ಲ, ಅತ್ತೆಯವರೇ. ನೀವು ಕೇಳಲಿಲ್ಲ, ನನ್ನ ಬಿಗುಮಾನ ಹೇಳಲು ಬಿಡಲಿಲ್ಲ. ಗೀತಾಳಿಗೆ ಹಾಗಾಗಬಾರದು ಎಂದು ಬರುವಾಗ ಬಸ್ಸಿನಲ್ಲೇ ಹೇಳಿದೆ, "ತಪ್ಪು ನಂದು ಕಣೇ." ಅವಳು, "ಪೆಟ್ಟಿಗೆ ಕೊಡ್ರಿ ಅತ್ತೆ, ಇನ್ನು ನಾ ಹಿಡ್ಕಂತೀನಿ" ಎಂದಳು.

ಔಷಧಿ, ದೀಪ ಎಲ್ಲ ನಡೆದಿದೆ. ಹುಳದ ಡಬ್ಬಿ ಹಿತ್ತಲಲ್ಲಿದೆ, ದೇವರಮನೆ ಕಡೆ ಸುಳಿಯುವುದಿಲ್ಲ. ಆದರೆ ಪುಡಿ ಸವರಿ ಚಿಮಟದಲ್ಲಿ ಹಿಡಿದು ಕೊಡುವವಳು ನಾನೇ. ಬೈಯುವುದಿದ್ದರೆ ನನ್ನನ್ನೇ ಬೈಯಿರಿ. ಮೊದಮೊದಲು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ನಿನ್ನೆ ತೆರೆದೇ ಇದ್ದೆ. ಕೆಂಚ ತಲೆ ಎತ್ತಿ, ಕಟಕ್ಕನೆ ಕಚ್ಚಿ ಅಗಿಯಿತು. ನಾನು ಬೀದಿಗೆಲ್ಲ ಕೇಳುವಂತೆ ಕೂಗಿದೆ, "ಗೀತಾ, ಬಾರೇ ಇಲ್ಲಿ!"