ಹುಳು ಹಣ್ಣಾಗುವ ಹೊತ್ತು

ಮಾರ್ಚ್ 14, ಶುಕ್ರವಾರ

ಏಪ್ರನ್ ಒಗೆದು ಹಾಕಿದೆ. ಕಲೆ ಹೋಗಿಲ್ಲ. ಇರಲಿ, ಇವತ್ತಿನ ಕಲೆ ಇದ್ದರೆ ಚೆಂದವೇ.

ಇಂದು ಮೊದಲ ಬಾರಿಗೆ ಮಗುವಿನ ತಲೆ ನನ್ನ ಕೈಗೆ ಬಂತು. ಟ್ಯೂಟರ್ ಮೇಡಂ ಪಕ್ಕದಲ್ಲೇ ನಿಂತಿದ್ದರು, ಆದರೆ ಕೈ ಹಾಕಲಿಲ್ಲ. "ಅವಸರ ಮಾಡ್ಬೇಡಮ್ಮ. ಅದು ತಾನಾಗೇ ಬರುತ್ತೆ. ನೀನು ಹಿಡ್ಕೊ, ಅಷ್ಟೇ" ಅಂದರು. ಹೆಣ್ಣು ಮಗು. ಬಾಗೇಪಲ್ಲಿ ಕಡೆಯವರು. ಅಜ್ಜಿ ನನ್ನ ಗಲ್ಲ ಹಿಡಿದು ತೆಲುಗಿನಲ್ಲಿ ಹರಸಿದ್ದೇ ಹರಸಿದ್ದು. ಬಿ.ಎಸ್ಸಿ. ನರ್ಸಿಂಗ್ ಅಂತ ಇಷ್ಟು ವರ್ಷ ಒದ್ದಾಡಿದ್ದು ಇದಕ್ಕೇ ಅನ್ನಿಸಿತು.

ಕೂಡಲೇ ಮನೆಗೆ ಫೋನು. "ಅಮ್ಮಾ, ಇವತ್ತು ನಾನೇ ಹೆರಿಗೆ ಮಾಡಿಸ್ದೆ!"

ಆ ಕಡೆಯಿಂದ ಮೊದಲ ಮಾತು — "ತಲೆಗೆ ನೀರು ಹಾಕ್ಕೊಂಡ್ಯಾ?"

ನಮ್ಮ ಕದಿರಮ್ಮನವರು ಬದಲಾಗುವುದುಂಟೆ! ಊರಲ್ಲೆಲ್ಲ 'ನನ್ನ ಮಗಳು ಡಾಕ್ಟ್ರಿಗಿಂತ ಏನು ಕಮ್ಮಿ' ಅಂತ ಹೇಳಿಕೊಂಡು ತಿರುಗುತ್ತಾರೆ. ಮಗಳು ಹೆರಿಗೆ ಮಾಡಿಸಿದರೆ ಮಾತ್ರ ಪುರುಡು, ಮೈಲಿಗೆ.

ಅಷ್ಟರಲ್ಲಿ ಅತ್ತಿಗೆ ಫೋನು ಕಿತ್ತುಕೊಂಡರು. ಅತ್ತಿಗೆಗೆ ಏಳು ತುಂಬಿದೆ. "ಮೌನಿ, ನಂದೂ ನೀನೇ ಹಿಡೀಬೇಕು ಕಣೇ. ಈಗ್ಲೇ ಹೇಳಿದೀನಿ." ಕಲ್ಯಾಣಿ ಅತ್ತಿಗೆಗೆ ತಾಯಿಯಿಲ್ಲ. ಕೈವಾರದಲ್ಲಿ ಅಪ್ಪ ಒಬ್ಬರೇ. ಬಾಣಂತನ ನಮ್ಮ ಮನೆಯಲ್ಲೇ ಎಂದು ಸೀಮಂತದ ದಿನವೇ ತೀರ್ಮಾನವಾಗಿದೆ.

ಮಾತು ಕೊಟ್ಟೆ. ನನಗಿಂತ ಎರಡೇ ವರ್ಷ ದೊಡ್ಡವರು. ಅಕ್ಕ ಇದ್ದಿದ್ದರೆ ಹೀಗೇ ಇರುತ್ತಿದ್ದಳೇನೋ.

ಮಾರ್ಚ್ 22, ಶನಿವಾರ

ಅಣ್ಣ ಸಾಕಲು ಚಾಕಿ ಹುಳು, ರೇಷ್ಮೆಯ ಮರಿಗಳನ್ನು, ತಂದನಂತೆ. ಅತ್ತಿಗೆಯ ಹೆರಿಗೆಗೆ ಮುಂಚೆ ಒಂದು ಬೆಳೆ ತೆಗೆದುಬಿಡಬೇಕು ಅಂತ ಅಮ್ಮನ ಲೆಕ್ಕಾಚಾರ. ಮಗು ಹುಟ್ಟಿದರೆ ಮನೆಗೆ ಪುರುಡು, ಪುರುಡಿದ್ದರೆ ಹುಳುವಿನ ಮನೆಗೆ ಯಾರೂ ಕಾಲಿಡುವಂತಿಲ್ಲ.

ಸರಿ, ಅದು ಗೊತ್ತಿದ್ದದ್ದೇ. ಹೊಸದು ಇದು —

"ಹಬ್ಬಕ್ಕೆ ಬರ್ತೀನಿ ಅಂದ್ಯಲ್ಲ... ವದ್ದು ತಲ್ಲಿ, ಬರ್ಬೇಡ. ಬೆಳೆ ಮುಗೀಲಿ. ನೀನು ದಿನಾ ಹೆರಿಗೆ ಮನೇಲೇ ಇರೋಳು."

"ಅಮ್ಮಾ, ನಾನು ಹುಳದ ಮನೆಗೆ ಬರಲ್ಲ. ಒಳಗೆ ಕೋಣೇಲಿ ಇರ್ತೀನಿ."

"ಎರಡಕ್ಕೂ ಒಂದೇ ಹೊಸಲು ಕಣಮ್ಮ."

ಅಣ್ಣನನ್ನು ಕೇಳಿದೆ. ಮುರಳಿಮೋಹನ್ ಸಾಹೇಬರು ರೇಷ್ಮೆ ಇಲಾಖೆಯ ಟ್ರೈನಿಂಗ್ ಮುಗಿಸಿದವರು. "ಪುರುಡು ಗಿರುಡು ನಾನು ನಂಬಲ್ಲ ಮೌನಿ. ಆದ್ರೆ ಹೊರಗಿನೋರು ಬಂದ್ರೆ ಹುಳಕ್ಕೆ ಸೋಂಕು ತಗಲೋದು ನಿಜ ತಾನೆ?" ಅಂದ. ಹೊರಗಿನೋರು! ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ನಮ್ಮಮ್ಮನಿಗೆ ಹುಳು ಮುದ್ದು.

ಮಾರ್ಚ್ 31, ಸೋಮವಾರ

ನಿನ್ನೆ ಯುಗಾದಿ. ಹಾಸ್ಟೆಲ್‌ನಲ್ಲಿ ಚಿತ್ರಾನ್ನ, ಒಬ್ಬಟ್ಟಿನ ಹೆಸರಿನಲ್ಲಿ ಏನೋ ಒಂದು. ಇವತ್ತು ರಂಜಾನ್. ರೂಮ್‌ಮೇಟ್ ಸಾಬ್ರೀನ್, "ಇಲ್ಲಿ ಒಬ್ಳೇ ಕೂತು ಅಳೋ ಬದ್ಲು ನಮ್ಮನೆಗೆ ಬಾರೇ" ಅಂತ ಶಿಡ್ಲಘಟ್ಟಕ್ಕೆ ಎಳೆದುಕೊಂಡು ಹೋದಳು. ಅವರ ಅಮ್ಮೀ ಹೊಟ್ಟೆ ಬಿರಿಯುವಷ್ಟು ಬಡಿಸಿದರು. ಅವರಪ್ಪನದು ರೇಷ್ಮೆ ನೂಲಿನ ವ್ಯಾಪಾರ. ನಮ್ಮೂರಿನ ಗೂಡು ಹೆಸರಾದದ್ದು ಅಂದರು. ನಕ್ಕೆ.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ನಮ್ಮೂರ ಬಸ್ಸು ನಿಂತಿತ್ತು. ಹತ್ತಿ ಕೂತರೆ ಅರ್ಧ ಗಂಟೆ. ಕಂಡಕ್ಟರ್ ಗುರುತು ಹಿಡಿದು, "ಏನಮ್ಮ, ಊರಿಗಾ?" ಅಂದ. ಇಲ್ಲ ಅಂದೆ.

ಬಾಗಿಲಲ್ಲೇ ನಿಂತು ಅತ್ತಿಗೆಯ ಮುಖ ನೋಡಿ ಬರಬಹುದಿತ್ತು. ಆದರೆ ಯಾಕೆ ಹೋಗಲಿ? ನಾನೇನು ರೋಗ ಹೊತ್ತು ತಿರುಗುತ್ತೇನೆಯೇ? ಹಾಸ್ಟೆಲ್‌ಗೆ ವಾಪಸು ಚಿಕ್ಕಬಳ್ಳಾಪುರದ ಬಸ್ಸು ಹತ್ತಿದೆ.

ಏಪ್ರಿಲ್ 4, ಶುಕ್ರವಾರ

ಮಧ್ಯಾಹ್ನ ಅತ್ತಿಗೆಯ ಫೋನು. ಮೊದಲು ಕಾಲಿನ ಫೋಟೋ ಕಳಿಸಿದ್ದರು. ಊದಿದೆ. ಗೆಜ್ಜೆ ಒತ್ತಿ ಗುರುತು ಬಿದ್ದಿದೆ.

"ಚಪ್ಪಲೀನೇ ಹಿಡೀತಿಲ್ಲ ಮೌನಿ. ಭಾನುವಾರ ಬಂದು ಒಂಚೂರು ನೋಡಿ ಹೋಗ್ತೀಯಾ?"

"ನಾನು ಬಂದ್ರೆ ನಿಮ್ಮ ಹುಳು ಸಾಯಲ್ವಾ ಅತ್ತಿಗೆ?"

"ಅತ್ತೆಗೆ ನಾನು ಹೇಳ್ತೀನಿ ಬಾರೇ. ಈ ವಾರ ಚೆಕಪ್‌ಗೂ ಹೋಗ್ಲಿಲ್ಲ. ಹುಳು ನಾಲ್ಕನೇ ಜ್ವರ ಎದ್ದು ಪೊರೆ ಬಿಟ್ಟಿದಾವೆ, ಸೊಪ್ಪು ಹಾಕೋಕೇ ಜನ ಸಾಲ್ದು. ಯಾರನ್ನ ಕರೆಯೋದು."

"ಎಂಟನೇ ತಿಂಗಳಲ್ಲಿ ಎಲ್ರಿಗೂ ಊದುತ್ತೆ. ಕಾಲು ಎತ್ತಿಟ್ಕೊಂಡು ಮಲಗಿ. ಬೆಳೆ ಮುಗೀಲಿ, ಬರ್ತೀನಿ."

"ಅಲ್ವೇ, ಇನ್ನೊಂದು..." ಅಂದರು. ಹಿಂದೆಯೇ ಅಮ್ಮನ ದನಿ ಕೇಳಿಸಿತು: ಕಲ್ಯಾಣೀ, ಯಾರಮ್ಮ ಫೋನಲ್ಲಿ? ಆ ದನಿ ಕೇಳಿದ್ದೇ ಮೈಯೆಲ್ಲ ಉರಿಯಿತು. ಕಟ್ ಮಾಡಿದೆ.

ಇರಲಿ. ಮನೆ ಮಗಳು ಬೇಕು ಅಂತ ಅಮ್ಮನ ಬಾಯಿಂದಲೇ ಬರಲಿ. ಆಗ ಹೋಗುತ್ತೇನೆ.

ಏಪ್ರಿಲ್ 7, ಸೋಮವಾರ

ಅತ್ತಿಗೆ ಇಲ್ಲಿ ಐಸಿಯುನಲ್ಲಿ ಇದ್ದಾರೆ.

ಬರೆಯಲು ಆಗುತ್ತಿಲ್ಲ. ಬರೆಯದೆ ಕೂರಲೂ ಆಗುತ್ತಿಲ್ಲ.

ಸಂಜೆ ನಾನು ಲೇಬರ್ ವಾರ್ಡಿನ ಡ್ಯೂಟಿಯಲ್ಲಿದ್ದೆ. ಬಸುರಿಗೆ ಫಿಟ್ಸ್ ಬಂದಿದೆ, ಸ್ಟ್ರೆಚರ್ ಬರುತ್ತಿದೆ ಅಂದರು. ಸೂಜಿ ಮದ್ದು ತೆಗೆದಿಡಲು ಓಡಿದೆ. ತಿರುಗಿದರೆ ಅಣ್ಣ. ಅವನ ಅಂಗಿಯ ಮೇಲೆ ಹಣ್ಣಾದ ಒಂದು ರೇಷ್ಮೆ ಹುಳು ಹತ್ತುತ್ತಿತ್ತು. ಅದನ್ನು ನೋಡಿದ ಮೇಲೆಯೇ ಸ್ಟ್ರೆಚರ್ ಮೇಲೆ ಇರುವುದು ಯಾರೆಂದು ನನ್ನ ತಲೆಗೆ ಹೋದದ್ದು.

ಮುಖ ಗುರುತೇ ಸಿಗದಷ್ಟು ಊದಿತ್ತು. ನಾಲಿಗೆ ಕಚ್ಚಿಕೊಂಡಿದ್ದರು. ಬಿ.ಪಿ. ನಾನೇ ನೋಡಿದೆ. ನೋಡಿ ಮೀಟರನ್ನೇ ಮೇಡಂ ಕಡೆ ತಿರುಗಿಸಿ ಹಿಡಿದೆ.

ಹುಳು ಇವತ್ತೇ ಹಣ್ಣಾಗಿದ್ದವಂತೆ, ಗೂಡು ಕಟ್ಟುವ ಹೊತ್ತು. ಹಣ್ಣಾದ ಹುಳು ಕಾಯುವುದಿಲ್ಲ. ಆರಿಸಿ ಆರಿಸಿ ಬಿದಿರಿನ ಚಂದ್ರಿಕೆ ತಟ್ಟೆಗೆ ಬಿಡದಿದ್ದರೆ ಸಿಕ್ಕಲ್ಲಿ ನೂಲು ಬಿಟ್ಟು ಬೆಳೆ ಹಾಳು. ಮನೆಮಂದಿಯೆಲ್ಲ ಬೆಳಗಿನಿಂದ ಅದರಲ್ಲೇ. ತಲೆನೋವು ಅಂತ ಅತ್ತಿಗೆ ಒಳಗೆ ಮಲಗಿದ್ದರಂತೆ. ಬಿಸಿಲಿಗೆ ಇರಬೇಕು, ಒಂಚೂರು ಮಲಗಲಿ ಅಂದುಕೊಂಡೆವು ಅಂದ ಅಣ್ಣ. ಫಿಟ್ಸ್ ಬಂದು ಎಷ್ಟು ಹೊತ್ತು ಬಿದ್ದಿದ್ದರೋ ಯಾರಿಗೂ ಗೊತ್ತಿಲ್ಲ.

ಮಗುವಿನ ಎದೆಬಡಿತ ಹುಡುಕಿದೆವು. ಮೇಡಂ ಹುಡುಕಿದರು. ಡಾಕ್ಟರ್ ಸ್ಕ್ಯಾನ್ ಮಾಡಿದರು.

ಇಲ್ಲ.

ಏಪ್ರಿಲ್ 8, ಮಂಗಳವಾರ

ನೋವು ಬರಿಸಿದರು. ಮೇಡಂ, "ನೀನು ಹೊರಗಿರು ಮೌನಿಕಾ" ಅಂದರು. ಆಗಲ್ಲ ಮೇಡಂ, ಮಾತು ಕೊಟ್ಟಿದೀನಿ ಅಂದೆ.

ಹಿಡಿದೆ.

ಗಂಡು. ಅಣ್ಣನದೇ ಮೂಗು.

ಏಪ್ರಿಲ್ 12, ಶನಿವಾರ

ಅತ್ತಿಗೆ ವಾರ್ಡಿಗೆ ಬಂದಿದ್ದಾರೆ. ಬಿ.ಪಿ. ಇಳಿಯುತ್ತಿದೆ. ಜೀವಕ್ಕೆ ಭಯವಿಲ್ಲ ಅಂದರು ಡಾಕ್ಟರ್. ಅಣ್ಣ ಕಾರಿಡಾರಿನ ಗೋಡೆಗೆ ತಲೆ ಕೊಟ್ಟು ಅತ್ತ.

ನಿನ್ನೆಯಿಂದ ಹಾಲು ಇಳಿದಿದೆ. ಮಗುವಿಲ್ಲ ಅಂತ ಎದೆಗೆ ಯಾರು ಹೇಳಬೇಕು? ಕಲ್ಲಿನಂತೆ ಗಟ್ಟಿ, ಮುಟ್ಟಿದರೆ ಚೀರುತ್ತಾರೆ. ತಣ್ಣನೆಯ ಎಲೆಕೋಸಿನ ಎಲೆ ಕಟ್ಟಿದರೆ ನೋವು ತಗ್ಗುತ್ತದೆ ಅಂತ ಕ್ಲಾಸಿನಲ್ಲಿ ಹೇಳಿದ್ದರು, ಆಗ ಎಲ್ಲರೂ ಕಿಸಕ್ಕನೆ ನಕ್ಕಿದ್ದೆವು. ಇಂದು ಅಮ್ಮನನ್ನು ಮಾರ್ಕೆಟ್ಟಿಗೆ ಕಳಿಸಿದೆ. ಮರುಮಾತಾಡದೆ ಹೋಗಿ ತಂದರು. ಎಲೆ ಬಿಡಿಸಿ, ತೊಳೆದು, ಒಂದೊಂದಾಗಿ ನನ್ನ ಕೈಗೆ ಕೊಟ್ಟರು. ಪುರುಡಿನ ಮಾತು ಎತ್ತಲಿಲ್ಲ. ಎತ್ತಿದ್ದರೇ ಚೆನ್ನಾಗಿತ್ತು, ಜಗಳವಾಡಬಹುದಿತ್ತು.

ಅಮ್ಮ ಆಚೆ ಹೋದ ಮೇಲೆ ಅತ್ತಿಗೆ ನನ್ನ ಕೈ ಹಿಡಿದುಕೊಂಡರು.

"ಅವತ್ತು ಫೋನಲ್ಲೇ ಹೇಳೋಣ ಅಂತಿದ್ದೆ ಕಣೇ. ತಲೆ ಸಿಡೀತಿತ್ತು. ಕಣ್ಣ ಮುಂದೆ ಮಿಂಚು ಮಿಂಚು. ಅಷ್ಟರಲ್ಲಿ ಲೈನು ಕಟ್ಟಾಯ್ತು. ಮತ್ತೆ ಮಾಡ್ಬೇಕಿತ್ತು ನಾನು. ನೀನು ಬೇರೆ ಬೇಜಾರಲ್ಲಿದ್ದೆ, ನಾಳೆ ಮಾಡಣ ಅಂದ್ಕೊಂಡೆ. ನಂದೇ ತಪ್ಪು ಬಿಡು."

ನಮ್ಮೂರಲ್ಲಿ ಸಿಗ್ನಲ್ ಸರಿಯಿಲ್ಲ. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ.

ಎಲೆ ಬಾಡಿದೆ ಅಂತ ಬದಲಾಯಿಸುತ್ತ ನಿಂತೆ. ಬಾಡಿರಲಿಲ್ಲ.

ಏಪ್ರಿಲ್ 29, ಮಂಗಳವಾರ

ಅತ್ತಿಗೆಯನ್ನು ಊರಿಗೆ ಕರೆದುಕೊಂಡು ಹೋಗಿದ್ದಾರೆ. ಬೆಳೆ ತುಂಬ ಚೆನ್ನಾಗಿ ಬಂದಿತ್ತಂತೆ. ಅಣ್ಣ ಗೂಡು ಮಾರಲು ಹೋಗಲೇ ಇಲ್ಲ, ಪಕ್ಕದ ಮನೆಯ ಕೋನಪ್ಪನ ಕೈಯಲ್ಲಿ ಕಳಿಸಿದನಂತೆ.

ಸಾಬ್ರೀನ್ ಅಂದಳು, "ಎಷ್ಟು ದಿನ ಹೀಗೆ ನಿನ್ನನ್ನ ನೀನೇ ತಿನ್ಕೊಳ್ತೀಯಾ? ಮನೆಗೆ ಬರ್ಬೇಡ ಅಂದೋರು ಅವ್ರೇ ತಾನೆ?" ಹೌದು. ಅವರೇ. ಆ ಮಾತನ್ನು ಹಿಡಿದುಕೊಂಡು ಎಷ್ಟೋ ರಾತ್ರಿ ನಿದ್ದೆ ಮಾಡಲು ನೋಡಿದ್ದೇನೆ. ಬರಬೇಡ ಅಂದದ್ದು ಮನೆಗೆ. ತಲೆ ನೋಯುತ್ತಿದೆಯಾ ಅಂತ ಕೇಳಬೇಡ ಅಂತ ಯಾರೂ ಅಂದಿರಲಿಲ್ಲ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಮತ್ತೆ ಬಂದೀತೆ. ಅದೂ ಮೂಗು ನನ್ನದಲ್ಲ, ಇನ್ನೊಬ್ಬರದು.

ಮೇ 21, ಬುಧವಾರ

ಪ್ರಾಕ್ಟಿಕಲ್ ಮುಗಿಯಿತು. ಹೊರಗಿನಿಂದ ಬಂದ ಎಕ್ಸಾಮಿನರ್, ವಯಸ್ಸಾದವರು, ಕನ್ನಡಕದ ಮೇಲಿಂದ ನೋಡಿ ಕೇಳಿದರು: "ಎಂಟನೇ ತಿಂಗಳ ಬಸುರಿ. ಕಾಲು ಊದಿದೆ ಅಂತ ಫೋನ್ ಮಾಡ್ತಾಳೆ. ನೀನೇನು ಕೇಳ್ತೀಯಾ?"

ಎಲ್ಲ ಬಿಟ್ಟು ಇದೇ.

ಹೇಳಿದೆ. ತಲೆನೋವು ಇದೆಯಾ, ಕಣ್ಣು ಮಂಜಾಗುತ್ತಿದೆಯಾ, ಎದೆಗುಂಡಿಯ ಕೆಳಗೆ ನೋವಿದೆಯಾ, ಮಗು ಆಡುತ್ತಿದೆಯಾ. ಒಂದಿದ್ದರೂ ತಡ ಮಾಡದೆ ಆಸ್ಪತ್ರೆಗೆ ಕಳಿಸುತ್ತೇನೆ ಮೇಡಂ. ಒಂದೂ ತಡವರಿಸಲಿಲ್ಲ.

"ವೆರಿ ಗುಡ್. ನಿನ್ನಂಥೋರು ಹಳ್ಳಿಗೊಬ್ರು ಇದ್ರೆ ಸಾಕು" ಅಂದರು.

ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಜೂನ್ 6, ಶುಕ್ರವಾರ

ಅಮ್ಮನ ಫೋನು. ಅಣ್ಣ ಮತ್ತೆ ಹುಳು ತಂದಿದ್ದಾನಂತೆ.

"ರಜ ಇದ್ಯಂತಲ್ಲಮ್ಮ. ಬಾ."

"ಹುಳು ಇದಾವೆ ಅಂದ್ಯಲ್ಲಮ್ಮಾ. ಇವತ್ತೂ ಹೆರಿಗೆ ಮಾಡಿಸಿದೀನಿ ನಾನು."

ಅಮ್ಮ, "ಸೀದಾ ಹುಳದ ಮನೆಗೇ ಬಾ ತಲ್ಲಿ. ತಲೆಗೆ ನೀರು ಹಾಕ್ಕೊಳ್ದೆ ಬಂದ್ರೂ ಸರಿ. ನಾನ್ಯಾರು ಬೇಡ ಅನ್ನೋಕೆ" ಅಂದರು.

ಈ ಮಾತಿಗಾಗಿ ಎಷ್ಟು ಹಟ ಹಿಡಿದಿದ್ದೆ. ಈಗ ಸಿಕ್ಕಿತು. ತೆಗೆದುಕೊಂಡು ಏನು ಮಾಡಲಿ?

ಅತ್ತಿಗೆ ಫೋನು ತೆಗೆದುಕೊಂಡರು. ಮೊದಲಿನ ಹಾಗೆ ಕಿತ್ತುಕೊಳ್ಳಲಿಲ್ಲ. "ಬಾರೇ ಮೌನಿ. ತಲೆನೋವಿಲ್ಲ ನಂಗೆ. ಕಾಲೂ ಊದಿಲ್ಲ. ದಿನಾ ಕೇಳ್ತೀಯಲ್ಲ, ಇವತ್ತು ನೀನು ಕೇಳೋಕೆ ಮುಂಚೇನೇ ಹೇಳ್ಬಿಟ್ಟೆ, ನೋಡು."

ಜೂನ್ 8, ಭಾನುವಾರ. ಶಿಡ್ಲಘಟ್ಟ ಬಸ್ ಸ್ಟ್ಯಾಂಡ್

ನಮ್ಮೂರ ಬಸ್ಸಿನಲ್ಲಿ ಕೂತಿದ್ದೇನೆ. ಹಬ್ಬದ ದಿನ ನಾನು ಹತ್ತದೆ ಬಿಟ್ಟ ಅದೇ ಬಸ್ಸು, ಅದೇ ಕಂಡಕ್ಟರ್. "ಊರಿಗಾ?" ಅಂದ. ಹೌದು ಅಂದೆ.

ಅತ್ತಿಗೆಗೆ ಸೇಬು ತಗೊಂಡೆ. ಬ್ಯಾಗಿನಲ್ಲಿ ಬಿ.ಪಿ. ನೋಡುವ ಮೆಶಿನ್ ಇದೆ. ಅವರು ಬಾಗಿಲಲ್ಲೇ ನಿಂತಿರುತ್ತಾರೆ. ನಗುತ್ತಾರೆ, ಖಂಡಿತ. ಆ ನಗು ನೋಡಿದರೆ ಇವತ್ತೂ ಬಾಯಿ ಬರುವುದಿಲ್ಲ. ಅದಕ್ಕೇ ಇಲ್ಲೇ ಒಮ್ಮೆ ಬರೆದು ನೋಡುತ್ತೇನೆ, ಹೇಗೆ ಶುರು ಮಾಡುವುದು ಅಂತ. ಡ್ರೈವರ್ ಹತ್ತಿದ. ಬೇಗ ಬರೆಯಬೇಕು.

ಅತ್ತಿಗೆ, ಅವತ್ತು ಲೈನು ಕಟ್ಟಾಗಿರಲಿಲ್ಲ. ನೀವು 'ಇನ್ನೊಂದು' ಅಂದದ್ದು ನನಗೆ ಕೇಳಿಸಿತ್ತು. ಕೇಳಿಸಿಯೂ ನಾನೇ