ಒಮ್ಮೆ ಮಾತ್ರ ಅಳೆದ ಗೆರೆ

ಮಾರ್ಚ್ ೯, ಭಾನುವಾರ

ನನ್ನ ಬಂಗಾರಿಗೆ, ಅಮ್ಮನ ನೆನಪುಗಳು.

ಕನ್ನಡಕದ ಅಂಗಡಿಯ ಕೆಲಸ ಒಗ್ಗಿತೇ? ಅಕ್ಷರ ಕಾಣದ ಮುದುಕರು ಊಹಿಸಿ ಓದುತ್ತಾರೆ ಎಂದು ನೀನು ಬರೆದಿದ್ದೆ, ಓದಿ ನಕ್ಕೆ. ನಿನ್ನಮ್ಮನೂ ಅದೇ ಪೈಕಿ ಕಣೇ. ಅದನ್ನು ಹೇಳಲೆಂದೇ ಕೂತಿದ್ದೇನೆ.

ನೀನು ಎರಡು ವರ್ಷ ತಲೆ ಕೆಡಿಸಿಕೊಂಡ ಆ ಅಪರೂಪದ ಲೋಹದ ವಿಷಯ. ಸೂರ್ಯನ ಬೆಳಕನ್ನು ಬಣ್ಣಗಳಾಗಿ ಬಿಡಿಸಿದರೆ ಅದರದ್ದು ಒಂದೇ ಒಂದು ಸ್ಪಷ್ಟ ಗೆರೆ. ಅದರ ಪರಮಾಣು ಎಷ್ಟು ಬೆಳಕು ಹೀರುತ್ತದೆಂದು ನಮ್ಮಂಥವರು ಪ್ರಯೋಗಾಲಯದಲ್ಲಿ ಅಳೆದುಕೊಟ್ಟರೆ ಮಾತ್ರ, ಸೂರ್ಯನಲ್ಲಿ ಆ ಲೋಹ ಎಷ್ಟಿದೆಯೆಂದು ನೀನು ಲೆಕ್ಕ ಹಾಕಬಲ್ಲೆ. ಉಲ್ಕಾಶಿಲೆಗಳಲ್ಲಿ ಇರುವಷ್ಟೇ ಇರಬೇಕಿತ್ತು. ನಿನಗೆ ಕಾಲುಭಾಗ ಹೆಚ್ಚು ಬಂತು. ನಿನ್ನ ಸಂಶೋಧನೆಯ ಮೇಷ್ಟ್ರು ಅದು ನಿನ್ನ ಅಜಾಗರೂಕತೆ ಎಂದರು. ನೀನು ಪ್ರಬಂಧ ಹಿಂತೆಗೆದುಕೊಂಡು ಕೆಲಸವನ್ನೂ ಬಿಟ್ಟೆ.

ಹೋದ ವಾರ ಪ್ರಯೋಗಾಲಯದ ನನ್ನ ಹಳೆಯ ಟಿಪ್ಪಣಿ ಪುಸ್ತಕ ತಿರುವಿಹಾಕುವಾಗ ಗೊತ್ತಾಯಿತು, ನೀನು ನಂಬಿದ ಸಂಖ್ಯೆಯನ್ನು ಅಳೆದವಳು ನಾನೇ. ನೀವೆಲ್ಲ ಸಂಖ್ಯೆ ತೆಗೆದುಕೊಳ್ಳುವ ಅಚ್ಚಾದ ಕೋಷ್ಟಕದಲ್ಲಿ ಅಳೆದವರ ಹೆಸರಿರದೆ ಪ್ರಯೋಗಾಲಯದ ಹೆಸರಷ್ಟೇ ಇರುತ್ತದಲ್ಲ.

ನಾವು ಗೆರೆ ಅಳೆಯುವುದು ಆ ಲೋಹದ ಆವಿಯ ದೀಪದಲ್ಲಿ; ಅದಕ್ಕೆ ಹೆಚ್ಚು ವಿದ್ಯುತ್ ಕೊಟ್ಟರೆ ಒಳಗಿನ ಆವಿ ತನ್ನ ಬೆಳಕನ್ನೇ ನುಂಗಿ, ಗೆರೆ ಇದ್ದದ್ದಕ್ಕಿಂತ ಮಂಕಾಗುತ್ತದೆ. ಆಗ ನಮ್ಮ ಸಂಖ್ಯೆ ಚಿಕ್ಕದಾಗಿ, ಸೂರ್ಯನಲ್ಲಿ ಲೋಹ ಹೆಚ್ಚಿದ್ದಂತೆ ಲೆಕ್ಕ ಬರುತ್ತದೆ. ಅದಕ್ಕೇ ಕಡಿಮೆ ವಿದ್ಯುತ್ತಿನಲ್ಲಿ ಇನ್ನೊಮ್ಮೆ ಅಳೆಯಬೇಕು. ಅಂದು ಮೊದಲನೆಯ ಅಳತೆ ಮುಗಿಯುವಷ್ಟರಲ್ಲಿ ಆಸ್ಪತ್ರೆಯಿಂದ ಬೇಗ ಬನ್ನಿ ಎಂದು ಫೋನು ಬಂತು. ದೀಪ ಆರಿಸಿ ಓಡಿದೆ. ನಿನ್ನಪ್ಪನ ಕೊನೆಯ ಒಂದು ಗಂಟೆ ಅವರ ಕೈ ಹಿಡಿದು ಕೂತಿದ್ದೆ. ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಹದಿನೈದು ದಿನ ಬಿಟ್ಟು ಮರಳಿದಾಗ ಆ ದೀಪದ ಮುಂದೆ ಕೂರಲು ಆಗಲಿಲ್ಲ. ಎರಡು ಸಲ ಅಳೆದಿದೆ ಎಂದು ಬರೆದು ಸಹಿ ಹಾಕಿಬಿಟ್ಟೆ.

ಈ ವಾರ ಹಳೆಯ ಸಹೋದ್ಯೋಗಿಯನ್ನು ಕಾಡಿಬೇಡಿ, ಅಂದು ಬಿಟ್ಟಿದ್ದ ಎರಡನೆಯ ಅಳತೆ ಮಾಡಿದೆ. ಹೊಸ ಸಂಖ್ಯೆ ಹಾಕಿದರೆ ನಿನ್ನ ಸೂರ್ಯ ಉಲ್ಕಾಶಿಲೆಗೆ ಸರಿಹೊಂದುತ್ತಾನೆ. ನಿನ್ನ ಲೆಕ್ಕದಲ್ಲಿ ಒಂದು ಚೂರೂ ತಪ್ಪಿರಲಿಲ್ಲ ಮಗಳೇ. ಕೋಷ್ಟಕದವರಿಗೂ ಮೇಷ್ಟ್ರಿಗೂ ಬರೆದು ಒಪ್ಪಿಕೊಂಡಿದ್ದೇನೆ. ನಿನ್ನ ಜಾಗಕ್ಕೆ ಬೇರೊಬ್ಬರು ಬಂದಾಗಿದೆ ಎಂದು ಮೇಷ್ಟ್ರು ಬರೆದರು. ಆ ಉತ್ತರ ಓದಿ ಅಡುಗೆಮನೆಯಲ್ಲಿ ನಿಂತು ಅತ್ತೆ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬಚ್ಚಿಟ್ಟದ್ದು. ಹೋದ ವಾರ ಗೊತ್ತಾಯಿತು ಎಂದದ್ದು ಸುಳ್ಳು. ಒಂದೂವರೆ ವರ್ಷದ ಹಿಂದೆ ನೀನು ಫೋನಿನಲ್ಲಿ ಆ ಗೆರೆ ಯಾವುದೆಂದು ಹೇಳಿ ಅತ್ತೆಯಲ್ಲ, ಆಗಲೇ ಗೊತ್ತಿತ್ತು. ಗೊತ್ತಿದ್ದೂ, “ನೀನೇ ಎಲ್ಲೋ ತಪ್ಪಿರ್ತೀಯ, ಇನ್ನೊಂದ್ಸಲ ನೋಡು” ಅಂದೆ. ನೀನು ನನ್ನ ಮಾತು ನಂಬಿ ಮತ್ತೆ ಮೊದಲಿನಿಂದ ಶುರುಮಾಡಿದೆ.