ಇಪ್ಪತ್ತಾರನೆಯ ಮೂಟೆ

ಮಾರ್ಚ್ ೧೪

ಮುದ್ದು ಮಗಳೇ,

ನಿನ್ನ ಕಾಗದಕ್ಕೆ ಉತ್ತರಿಸಲು ಮೂರು ವಾರ ಹಿಡಿಯಿತು, ಬೈಯಬೇಡ. ಪರೀಕ್ಷಾಲಯದಲ್ಲಿ ನೀರು, ಮಣ್ಣಿನ ವರದಿಗಳಿಗೆ ಸಹಿ ಹಾಕೀ ಹಾಕೀ ಬೆರಳು ನೋಯುತ್ತದೆ ಎಂದು ಬರೆದಿದ್ದೆಯಲ್ಲ, ಬಿಸಿನೀರಲ್ಲಿ ಅದ್ದಿಕೋ. ಅಮ್ಮನ ಮಂಡಿನೋವು ಕಡಿಮೆಯಾಗಿದೆ. ಬಾಯಿ ಮಾತ್ರ ಹಾಗೇ ಇದೆ.

ತಡವಾದದ್ದು ಇಸ್ತ್ರಿ ಸಾಹೇಬನ ದೆಸೆಯಿಂದ. ಹೊಸ ಮ್ಯಾನೇಜರನಿಗೆ ನಾವಿಟ್ಟ ಹೆಸರು. ಅಂಗಿಯಲ್ಲಿ ಒಂದು ಸುಕ್ಕಿಲ್ಲ, ಮಿದುಳಿನಲ್ಲೂ ಇರಲಾರದು.

ನಲ್ಲಿಗಳಿಗೆ ನಿಕ್ಕಲ್ ಹೊಳಪು ಕೊಡುವ ನಮ್ಮ ಕಾರ್ಖಾನೆಯ ಹಸಿರು ನೀರು ನಿನಗೆ ಗೊತ್ತೇ ಇದೆ. ಜ್ಯೂಸ್ ಅಂಗಡಿಯ ಕಿತ್ತಳೆ ಸಿಪ್ಪೆ ತಂದು, ತೊಳೆದು, ಒಣಗಿಸಿ, ಕುಟ್ಟಿ ಡ್ರಮ್ಮಿಗೆ ತುಂಬುತ್ತೇನೆ. ಮೇಲೆ ಹಸಿರು ನೀರು ಸುರಿದರೆ ಕೆಳಗೆ ತಿಳಿಯಾಗಿ ಬರುತ್ತದೆ. ಏಳನೇ ಕ್ಲಾಸಿನವನ ವಿದ್ಯೆ ಅಷ್ಟೇ. ಆದರೆ ನೀರು ಬಿಟ್ಟ ವಿಷ ಗಾಳಿಗೆ ಹಾರುವುದಿಲ್ಲ, ಸಿಪ್ಪೆಯಲ್ಲೇ ಕೂತಿರುತ್ತದೆ. ಅದಕ್ಕೇ ಹಳೆ ಸಿಪ್ಪೆಯನ್ನು ಮೂಟೆ ಕಟ್ಟಿ, ಮೇಲೆ ಕೆಂಪು ಬಳಿದು, ಬೀಗ ಹಾಕಿಡುತ್ತಿದ್ದೆ.

ನಾನು ಜ್ವರವೆಂದು ನಾಲ್ಕು ದಿನ ಮಲಗಿದ್ದೇ ತಡ, ಸಾಹೇಬ ಬೀಗ ತೆಗೆಸಿ ಹಿಂದಿನ ಬೀದಿಯ ಕೆಲಸಗಾರರ ಮನೆಗಳಿಗೆ ಮೂಟೆ ಹಂಚಿದ. ನೈಸರ್ಗಿಕ ಗೊಬ್ಬರವಂತೆ! ಫೋಟೋ ಬೇರೆ ತೆಗೆಸಿಕೊಂಡ.

“ಏನ್ ಸಾರ್, ವಿಷ ಹಂಚಿಬಿಟ್ರಲ್ಲ?” ಅಂದೆ.

“ಅಯ್ಯೋ ಹಿರಿಯರೇ, ಕಿತ್ತಳೆ ಸಿಪ್ಪೆ ತಾನೇ? ಪ್ರಕೃತಿ ಕೊಟ್ಟಿದ್ದು ಕೆಟ್ಟದ್ದಾಗುತ್ತಾ?”

“ಹಾಗಾದ್ರೆ ನಿಮ್ಮನೆ ಕುಂಡಕ್ಕೆ ಎಷ್ಟು ಹಾಕಿದ್ರಿ?”

“ನಮ್ಮನೇಲಿ ಗಿಡ ಇಲ್ಲ” ಎಂದು ವಾಚು ನೋಡಿಕೊಂಡ. ಉತ್ತರವಿಲ್ಲದಾಗ ನೋಡಿಕೊಳ್ಳಲೆಂದೇ ಇಂಥವರು ವಾಚು ಕಟ್ಟುತ್ತಾರೆ.

ಅಂದಿನಿಂದ ಕೈಗಾಡಿ ತಳ್ಳಿಕೊಂಡು ಮನೆಮನೆ ಸುತ್ತಿದೆ. ಮಣ್ಣಿಗೆ ಬಿದ್ದದ್ದನ್ನು ಮಣ್ಣಿನ ಸಮೇತ ಕೆರೆದು ತಂದೆ. ಟೊಮೆಟೊ ಗಿಡ ಕಿತ್ತದ್ದಕ್ಕೆ ಒಬ್ಬಾಕೆ, “ನಮ್ ಗಿಡ ಕಂಡ್ರೆ ನಿಮ್ಗೇನು ಹೊಟ್ಟೆಯುರಿ ತಾತಾ?” ಎಂದು ಉಗಿದಳು. ಉಗಿಸಿಕೊಂಡು ಕಿತ್ತೆ. ಇಪ್ಪತ್ತಾರು ಮೂಟೆಗಳಲ್ಲಿ ಇಪ್ಪತ್ತೈದು ಸಿಕ್ಕಿವೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನೂರು ಕಾಲ ತಣ್ಣಗಿರು.

ನಿನ್ನ ಅಪ್ಪ

ಮರೆತಿದ್ದೆ: ನಾನು ಬಳಿದ ಕೆಂಪಿನ ಮೇಲೇ ಒಂದೊಂದು ಚೀಟಿ ಅಂಟಿಸಿದ್ದರು. “ಪರೀಕ್ಷಿಸಲಾಗಿದೆ, ಅಪಾಯವಿಲ್ಲ.” ಕೆಳಗಿನ ಸಹಿ ನಿನ್ನದು. ಸಾಹೇಬ ನಿನಗೆ ಹಸಿರು ನೀರು ಸೋಕದ ಹೊಸ ಸಿಪ್ಪೆ ಕಳಿಸಿ ಮೋಸಮಾಡಿದನೋ, ನೀನು ನೋಡದೆಯೇ ಸಹಿ ಹಾಕಿದೆಯೋ? ಮೊದಲನೆಯದೇ ಎಂದು ಬರೆಯಬೇಕೆನಿಸಿದರೆ, ನಿಜವಾಗಿದ್ದರೆ ಮಾತ್ರ ಬರೆ. ಇಪ್ಪತ್ತೈದು ಚೀಟಿಗಳನ್ನು ಅಮ್ಮನಿಗೆ ಕಾಣದಂತೆ ಸುಟ್ಟೆ. ಇಪ್ಪತ್ತಾರನೆಯದು ನಿನ್ನ ಹೆಸರು ಹೊತ್ತು ಯಾರದೋ ಸೊಪ್ಪಿನ ಮಡಿಯ ಪಕ್ಕದಲ್ಲಿದೆ. ನಾಳೆ ಮತ್ತೆ ಹೊರಡುತ್ತೇನೆ.